ಸಮುವೇಲ ಹೇಳಿದ್ದನ್ನೂ ಮಕ್ಕಳಿಗೆ ಹೇಳಿ

ಸಂಪಾದಕರಿಗೆ ನಮಸ್ಕಾರ.

ಹೋದ ಆದಿತ್ಯವಾರ ನಿಮ್ಮ ಪೇಪರಿನ ಮಕ್ಕಳ ಪುಟದಲ್ಲಿ ಪ್ರಾಚೀನ ಇಸ್ರೇಲಿನ ಮೊದಲ ಮೂವರು ಅರಸರಾದ ಸೌಲ, ದಾವೀದ, ಸೊಲೊಮೋನರ (ನಿಮ್ಮ ಬರಹದಲ್ಲಿ ಡೇವಿಡ್, ಸಾಲೊಮನ್) ಬಗ್ಗೆ ಅರ್ಧ ಪುಟದ ಬರಹ ಬಂದಿತ್ತು, ಚಿತ್ರ ಎಲ್ಲಾ ಹಾಕಿ ಚಂದ ಮಾಡಿದ್ದೀರಿ, ಅದಕ್ಕೆ ಮೊದಲು ಥ್ಯಾಂಕ್ಸ್. ಕಾಸರಗೋಡಿನ ಈ ಮೂಲೆಯಲ್ಲಿ ಮಕ್ಕಳಿಗೆ ಓದ್ಲಿಕ್ಕೆ ಕನ್ನಡದಲ್ಲಿ ಸಿಗುವುದೇ ಕಮ್ಮಿ, ಅದರಲ್ಲೂ ಹೊರದೇಶದ ಹಳೇ ಚರಿತ್ರೆ ಅಂದ್ರೆ ಇಲ್ಲವೇ ಇಲ್ಲ ಅನ್ನಬಹುದು, ಹಾಗಾಗಿ ನಿಮ್ಮ ಆ ಪುಟವನ್ನು ನಾವು ರದ್ದಿಗೆ ಹಾಕುವುದಿಲ್ಲ, ಕತ್ತರಿಸಿ ಫೈಲ್ ಮಾಡಿ ಇಡ್ತೇವೆ. ಏಳನೇ ಕ್ಲಾಸಿನಲ್ಲಿ ಕನ್ನಡ ಮೀಡಿಯಂ ಓದುವ ನನ್ನ ಪುಳ್ಳಿ ಚಾರ್ಟಿಗೆ ಅಂಟಿಸ್ಲಿಕ್ಕೆ ಅಂತ ಅದನ್ನು ಕತ್ತರಿಸಿಕೊಂಡು ಜಗಲಿಗೆ ಬಂದ್ಲು, ನಾನು ಅಡಿಕೆ ಸುಲೀತಾ ಕೂತಿದ್ದೆ, ಬಂದವಳು ಎರಡು ಪ್ರಶ್ನೆ ಕೇಳಿದ್ಲು. ಒಂದು, "ಅಜ್ಜಿ, ಮೂರೂ ಜನ ಸರೀ ನಲ್ವತ್ತು ನಲ್ವತ್ತು ವರ್ಷವೇ ಆಳಿದ್ದು ಹೇಗೆ?" ಇನ್ನೊಂದು, "ಸಾಲೊಮನ್ ಅಷ್ಟು ಒಳ್ಳೆ ರಾಜ ಆಗಿದ್ರೆ ಅವನು ಸತ್ತ ಕೂಡ್ಲೆ ಜನ ಯಾಕೆ ಬೇರೆ ಹೋದ್ರು?"

ಮೂವತ್ತೊಂದು ವರ್ಷ ಸೋಶಿಯಲ್ ಕಲಿಸಿದವಳು ನಾನು. ಎರಡೂ ಸರಿಯಾದ ಪ್ರಶ್ನೆ. ಎರಡಕ್ಕೂ ನಿಮ್ಮ ಬರಹದಲ್ಲಿ ಉತ್ತರ ಇಲ್ಲ. ಎರಡನೇದಕ್ಕೆ "ದುರದೃಷ್ಟವಶಾತ್ ರಾಜ್ಯ ಇಬ್ಭಾಗವಾಯಿತು" ಅಂತ ಒಂದೇ ಒಂದು ಸಾಲು ಉಂಟು. ಇದರಲ್ಲಿ ಅದೃಷ್ಟ ದುರದೃಷ್ಟ ಎಂತದ್ದೂ ಇಲ್ಲ ಸಾರ್, ಯಾಕೆ ಒಡೀತು ಅನ್ನುವುದನ್ನು ಬೈಬಲ್ ಅನ್ನುವ ಆ ಹಳೇ ಗ್ರಂಥವೇ ಬಿಡಿಸಿ ಬಿಡಿಸಿ ಹೇಳ್ತದೆ, ನಿಮ್ಮವರು ಬಿಟ್ಟದ್ದು ಅದನ್ನೇ.

ನಾನು ಕ್ರಿಶ್ಚಿಯನ್ ಅಲ್ಲ. ನಾನು ಸೇರಿದ ಮೊದಲ ಸ್ಕೂಲಿನ ಲೈಬ್ರರಿಯಲ್ಲಿ ರಟ್ಟು ಕಿತ್ತುಹೋದ ಒಂದು ಕನ್ನಡ ಸತ್ಯವೇದ, ಅಂದ್ರೆ ಬೈಬಲ್, ಇತ್ತು, ಮಳೆಗಾಲದಲ್ಲಿ ಬಸ್ಸಿಗೆ ಕಾಯುವಾಗ ಓದ್ಲಿಕ್ಕೆ ಶುರು ಮಾಡಿದ್ದು, ಸಮುವೇಲನ ಎರಡು ಪುಸ್ತಕ ಮತ್ತು ಅರಸುಗಳ ಎರಡು ಪುಸ್ತಕ ಎಷ್ಟು ಸಲ ಓದಿದ್ದೇನೋ ಲೆಕ್ಕ ಇಲ್ಲ. ಅರಸರ ಬಗ್ಗೆ ಬರೆದದ್ದರಲ್ಲಿ ಅರಸನ ತಪ್ಪನ್ನು ಇಷ್ಟು ಮುಚ್ಚುಮರೆ ಇಲ್ಲದೆ ಬರೆದದ್ದು ನಾನು ಬೇರೆ ಓದಿಲ್ಲ. ನಿಮ್ಮ ಬರಹ ಓದಿದ ಮಕ್ಕಳಿಗೆ ಇದೇ ಗೊತ್ತಾಗದೆ ಹೋಗ್ತದಲ್ಲ ಅಂತ ನನಗೆ ಸಂಕಟ.

ಮೊದಲಿಂದ ಹೇಳ್ತೇನೆ. ಅರಸರಿಗಿಂತ ಮುಂಚೆ ಅಲ್ಲಿ ಕುಲ ಕುಲದವರು ಅವರವರ ಜಾಗದಲ್ಲಿ ಇದ್ದರು, ಕಷ್ಟ ಬಂದಾಗ ಒಬ್ಬ ನ್ಯಾಯಸ್ಥಾಪಕ ಎದ್ದು ನಿಲ್ತಿದ್ದ, ಅಂಥವರಲ್ಲಿ ಕೊನೆಯವನು ಸಮುವೇಲ. ಅವನಿಗೆ ಪ್ರಾಯ ಆಯ್ತು, ಅವನ ಇಬ್ಬರು ಗಂಡುಮಕ್ಕಳು ಬೇರ್ಷೆಬದಲ್ಲಿ ನ್ಯಾಯ ಹೇಳ್ಲಿಕ್ಕೆ ಕೂತು ಲಂಚ ತಿನ್ಲಿಕ್ಕೆ ಶುರು ಮಾಡಿದ್ರು, ಆಚೆ ಕಡಲಿನ ಬದಿಯಿಂದ ಫಿಲಿಷ್ಟಿಯರ ಕಾಟ ಬೇರೆ. ಹಿರಿಯರೆಲ್ಲ ಸೇರಿ ಸಮುವೇಲನ ಊರಾದ ರಾಮಕ್ಕೆ ಬಂದು, ಬೇರೆ ಜನಾಂಗದವರಿಗೆ ಇರುವ ಹಾಗೆ ನಮಗೂ ಒಬ್ಬ ಅರಸ ಬೇಕು ಅಂದ್ರು. ಜನರದ್ದು ತಪ್ಪು ಅಂತ ನಾನು ಹೇಳುವುದಿಲ್ಲ, ಲಂಚಕೋರರ ಕೈಯಲ್ಲಿ ಸಿಕ್ಕಿಬಿದ್ದವರು ಇನ್ನೇನು ಕೇಳ್ತಾರೆ.

ಅದಕ್ಕೆ ಸಮುವೇಲ ಕೊಟ್ಟ ಉತ್ತರ ಉಂಟಲ್ಲ, ಅದನ್ನೇ ನೀವು ಬಾಕ್ಸ್ ಮಾಡಿ ಹಾಕಬೇಕಿತ್ತು. ಅರಸ ನಿಮ್ಮ ಗಂಡುಮಕ್ಕಳನ್ನು ತಕ್ಕೊಳ್ತಾನೆ, ತನ್ನ ರಥದ ಮುಂದೆ ಓಡಿಸ್ತಾನೆ, ತನ್ನ ಹೊಲದ ಉಳುಮೆ ಕೊಯ್ಲು ಮಾಡಿಸ್ತಾನೆ. ಹೆಣ್ಣುಮಕ್ಕಳನ್ನು ತಕ್ಕೊಳ್ತಾನೆ, ಸುಗಂಧ ಮಾಡ್ಲಿಕ್ಕೆ, ಅಡುಗೆಗೆ, ರೊಟ್ಟಿ ಸುಡ್ಲಿಕ್ಕೆ. ನಿಮ್ಮ ಒಳ್ಳೊಳ್ಳೆ ಹೊಲ, ದ್ರಾಕ್ಷೆ ತೋಟ, ಎಣ್ಣೆಮರದ ತೋಪು ತಕ್ಕೊಂಡು ತನ್ನ ಆಳುಗಳಿಗೆ ಕೊಡ್ತಾನೆ. ಬೆಳೆಯಲ್ಲಿ ಹತ್ತರಲ್ಲಿ ಒಂದು ಪಾಲು, ಕುರಿಯಲ್ಲಿ ಹತ್ತರಲ್ಲಿ ಒಂದು ಪಾಲು. ಕೊನೆಗೆ ನೀವೇ ಅವನ ದಾಸರಾಗ್ತೀರಿ, ಆ ದಿನ ಕೂಗಿಕೊಂಡ್ರೆ ದೇವರೂ ಕೇಳುವುದಿಲ್ಲ. ಓದ್ತಾ ಹೋದ ಹಾಗೆ ತಕ್ಕೊಳ್ತಾನೆ ತಕ್ಕೊಳ್ತಾನೆ ಅನ್ನುವ ಒಂದೇ ಮಾತು ತಲೆಗೆ ಬಡೀತಾ ಇರ್ತದೆ. ಆದರೂ ಜನ ಕೇಳಲಿಲ್ಲ.

ಹಾಗೆ ಬಂದವನು ಸೌಲ, ಬೆನ್ಯಾಮೀನ ಕುಲದ ಕೀಷನ ಮಗ. ಕಳೆದುಹೋದ ಅಪ್ಪನ ಕತ್ತೆಗಳನ್ನು ಹುಡುಕ್ತಾ ಹೋದವನು ಅರಸನಾಗಿ ಅಭಿಷೇಕ ಮಾಡಿಸಿಕೊಂಡು ಬಂದ. ಮಿಚ್ಪದಲ್ಲಿ ಎಲ್ಲರ ಎದುರು ಚೀಟು ಹಾಕಿ ಅವನ ಹೆಸರು ಬಂದಾಗ ಆಳೇ ಇಲ್ಲ, ನೋಡಿದ್ರೆ ಸಾಮಾನಿನ ರಾಶಿ ಹಿಂದೆ ಅಡಗಿ ಕೂತಿದ್ದ. ನಿಮ್ಮ ಬರಹದಲ್ಲಿ ಅವನನ್ನು "ಹೊಟ್ಟೆಕಿಚ್ಚಿನ ರಾಜ" ಅಂತ ಒಂದು ಮಾತಲ್ಲಿ ಮುಗಿಸಿದ್ದೀರಿ. ದಾವೀದನ ಮೇಲೆ ಅವನಿಗೆ ಹೊಟ್ಟೆಕಿಚ್ಚು ಇತ್ತು, ಈಟಿ ಎಸೆದ, ಅದೆಲ್ಲಾ ನಿಜ. ಆದ್ರೆ ಅವನ ಕೈಗೆ ಸಿಕ್ಕಿದ್ದು ಎಂಥ ದೇಶ ಅಂತ ನೋಡಬೇಕು. ಇಡೀ ದೇಶದಲ್ಲಿ ಒಬ್ಬ ಕಮ್ಮಾರ ಇಲ್ಲ. ಇವರು ಕತ್ತಿ ಈಟಿ ಮಾಡಿಕೊಂಡಾರು ಅಂತ ಫಿಲಿಷ್ಟಿಯರು ಬಿಡಲಿಲ್ಲ, ನೇಗಿಲಿನ ಗುಳ, ಗುದ್ದಲಿ, ಕೊಡಲಿ, ಏನು ಹರಿತ ಮಾಡಿಸಬೇಕಿದ್ರೂ ವೈರಿಯ ಊರಿಗೇ ಇಳಿದು ಹೋಗಬೇಕು, ಹೋಗಿ ದುಡ್ಡು ಕೊಡಬೇಕು. ಆ ಕೂಲಿಗೆ ಹೀಬ್ರೂವಿನಲ್ಲಿ ಪಿಮ್ ಅಂತ ಒಂದು ಶಬ್ದ ಉಂಟು, ಇಡೀ ಗ್ರಂಥದಲ್ಲಿ ಅದು ಬರುವುದು ಅದೊಂದೇ ಕಡೆ, ಎಂತ ಅಂತ ಗೊತ್ತಾಗದೆ ಹಳೇ ಇಂಗ್ಲಿಷ್ ಅನುವಾದದವರು ಅರ ಅಂತ ಅರ್ಥ ಮಾಡಿದ್ರು, ಕಬ್ಬಿಣ ಉಜ್ಜುವ ಅರ. ಆಮೇಲೆ ಮಣ್ಣು ಅಗೆಯುವಾಗ ಪಿಮ್ ಅಂತ ಕೊರೆದ ಸಣ್ಣ ಸಣ್ಣ ತೂಕದ ಕಲ್ಲುಗಳೇ ಸಿಕ್ಕಿದವು, ಒಂದೊಂದು 7.5ರಿಂದ 8 ಗ್ರಾಂ ಹತ್ತಿರ, ಆಗ ಗೊತ್ತಾಯ್ತು, ಅಷ್ಟು ತೂಕದ ಬೆಳ್ಳಿ ಕೊಡಬೇಕಿತ್ತು ಅಂತ. ಕ್ಲಾಸಿನಲ್ಲಿ ಇದನ್ನು ಹೇಳುವಾಗ ಮಕ್ಕಳು ಕಣ್ಣು ಬಿಟ್ಟು ಕೇಳ್ತಿದ್ರು, ಯಾಕಂದ್ರೆ ಕತ್ತಿ ಹರಿತ ಮಾಡಿಸ್ಲಿಕ್ಕೆ ಆಚಾರಿಯ ಹತ್ರ ಹೋಗುವುದು ಅವರಿಗೂ ಗೊತ್ತಿದ್ದ ವಿಷಯ, ಆ ಆಚಾರಿ ವೈರಿಯೇ ಆಗಿದ್ರೆ ಹೇಗೆ ಅಂತ ಅವರೇ ಯೋಚನೆ ಮಾಡ್ತಿದ್ರು.

ಸೌಲ ಸತ್ತದ್ದು ಗಿಲ್ಬೋವ ಬೆಟ್ಟದಲ್ಲಿ, ಮಗ ಯೋನಾತಾನನ ಜೊತೆಗೆ. ಫಿಲಿಷ್ಟಿಯರು ಹೆಣವನ್ನು ಬೇತ್ಷೆಯಾನಿನ ಗೋಡೆಗೆ ತೂಗುಹಾಕಿದ್ರು. ಅದು ಗೊತ್ತಾದದ್ದೇ ಯಾಬೇಷ್ ಗಿಲ್ಯಾದಿನ ಗಂಡಸರು ರಾತ್ರಿ ಇಡೀ ನಡೆದು ಬಂದು ಹೆಣ ಇಳಿಸಿ ತಕ್ಕೊಂಡು ಹೋಗಿ ಸಂಸ್ಕಾರ ಮಾಡಿ ಏಳು ದಿನ ಉಪವಾಸ ಇದ್ರು. ಯಾಕೆ ಅಂದ್ರೆ ಸೌಲ ಅರಸನಾದ ಹೊಸತರಲ್ಲಿ ಅಮ್ಮೋನಿಯರ ಅರಸ ನಾಹಾಷ ಆ ಊರಿಗೆ ಮುತ್ತಿಗೆ ಹಾಕಿ ಒಬ್ಬೊಬ್ಬರ ಬಲಗಣ್ಣು ಕೀಳ್ತೇನೆ ಅಂದಿದ್ದ, ಓಡಿ ಬಂದು ಬಿಡಿಸಿದವನು ಸೌಲ. ಆ ಊರಿನವರು ಅದನ್ನು ಮರೀಲಿಲ್ಲ. ಇಷ್ಟು ಇದ್ದೂ ಒಬ್ಬ ಮನುಷ್ಯನನ್ನು ಹೊಟ್ಟೆಕಿಚ್ಚು ಅಂತ ಒಂದೇ ಶಬ್ದದಲ್ಲಿ ಮುಗಿಸುವುದು ನ್ಯಾಯ ಅಲ್ಲ.

ದಾವೀದನ ಕಥೆ ಎಲ್ಲರಿಗೂ ಗೊತ್ತುಂಟು, ಗೊಲ್ಯಾತ, ಕವಣೆ, ಬತ್ಷೆಬೆ, ಊರೀಯ, ನಾತಾನ ಹೇಳಿದ ಬಡವನ ಕುರಿಮರಿಯ ಸಾಮತಿ. ಅದನ್ನೆಲ್ಲ ಬಿಡ್ತೇನೆ. ಗೊತ್ತಿಲ್ಲದ್ದು ಒಂದು ಹೇಳ್ತೇನೆ, ಸೌಲನ ಉಪಪತ್ನಿ ರಿಚ್ಪಳದ್ದು. ಮೂರು ವರ್ಷ ಬರ ಬಂತು, ಗಿಬ್ಯೋನಿನವರನ್ನು ಸೌಲ ಕೊಂದ ಪಾಪದಿಂದ ಅಂತ ಹೇಳಿ ದಾವೀದ ಸೌಲನ ಮನೆಯ ಏಳು ಜನ ಗಂಡಸರನ್ನು ಗಿಬ್ಯೋನಿನವರ ಕೈಗೆ ಒಪ್ಪಿಸಿದ, ಅವರು ಗುಡ್ಡದ ಮೇಲೆ ತೂಗುಹಾಕಿದ್ರು. ಅದರಲ್ಲಿ ಇಬ್ಬರು ರಿಚ್ಪಳ ಮಕ್ಕಳು. ಇವಳು ಗೋಣಿ ತಕ್ಕೊಂಡು ಹೋಗಿ ಬಂಡೆ ಮೇಲೆ ಹಾಸಿ ಕೂತ್ಲು. ಹಗಲು ಹಕ್ಕಿ ಬರದ ಹಾಗೆ, ರಾತ್ರಿ ಕಾಡುಪ್ರಾಣಿ ಬರದ ಹಾಗೆ ಕಾದ್ಲು. ಬಾರ್ಲಿ ಕೊಯ್ಲು ಶುರುವಾದಾಗಿಂದ ಆಕಾಶದಿಂದ ಮಳೆ ಬೀಳುವವರೆಗೆ ಅಂತ ಬರೆದುಂಟು. ಅಲ್ಲಿ ಬಾರ್ಲಿ ಕೊಯ್ಲು ಅಂದ್ರೆ ನಮ್ಮ ಬಿಸು ಹೊತ್ತಿಗೆ, ಮಳೆ ನಮ್ಮ ಹಾಗೆ ಜೂನಿನಲ್ಲಿ ಅಲ್ಲ, ಅಕ್ಟೋಬರ್ ಕಳೀಬೇಕು, ಅದು ಕಾಲದ ಮಳೆಯೇ ಆಗಿದ್ರೆ ಐದಾರು ತಿಂಗಳು ಆಯ್ತು. ಅವಳು ಒಂದು ಮಾತು ಆಡಿದ್ದಾಗಿ ಅಲ್ಲಿ ಬರೆದಿಲ್ಲ. ಸುದ್ದಿ ದಾವೀದನಿಗೆ ಮುಟ್ಟಿದ ಮೇಲೆ ಅವನು ಯಾಬೇಷ್ ಗಿಲ್ಯಾದಿನಿಂದ ಸೌಲನ, ಯೋನಾತಾನನ ಎಲುಬು ತರಿಸಿದ, ಈ ಏಳು ಜನರ ಎಲುಬನ್ನೂ ಒಟ್ಟು ಮಾಡಿಸಿದ, ಕೀಷನ ಸಮಾಧಿಯಲ್ಲಿ ಮಣ್ಣು ಮಾಡಿಸಿದ. ಒಬ್ಬ ಅಮ್ಮ ಬಂಡೆ ಮೇಲೆ ಕೂತು ಅರಸನನ್ನು ಅಷ್ಟು ದೂರ ನಡೆಸಿದ್ಲು. ಇದು ಮಕ್ಕಳ ಪುಟಕ್ಕೆ ಆಗುವ ಕಥೆ ಅಲ್ಲ ಅಂತ ನೀವು ಹೇಳಬಹುದು, ಗೊಲ್ಯಾತನ ತಲೆ ಕಡಿದದ್ದು ಆಗ್ತದಾದ್ರೆ ಇದೂ ಆಗ್ತದೆ.

ಇನ್ನು ದಾವೀದನ ಮಗ ಸೊಲೊಮೋನ. ಪುಳ್ಳಿಯ ಪ್ರಶ್ನೆಗೆ ಉತ್ತರ ಇರುವುದು ಇಲ್ಲಿ. ನಿಮ್ಮ ಬರಹದಲ್ಲಿ ಅವನ ಬುದ್ಧಿವಂತಿಕೆ, ಎರಡು ತಾಯಂದಿರ ನ್ಯಾಯ, ಶೆಬದ ರಾಣಿ, ಬಂಗಾರ, ಎಲ್ಲ ಬಂತು. ಆ ಸಿರಿಗೆ ಹೊರೆ ಹೊತ್ತವರು ಯಾರು ಅಂತ ಬರಲಿಲ್ಲ. ಅರಸುಗಳ ಮೊದಲ ಪುಸ್ತಕದಲ್ಲಿ ಅರಮನೆಯ ಒಂದು ದಿನದ ಊಟದ ಲೆಕ್ಕ ಉಂಟು, 30 ಕೋರ್ ನಯಹಿಟ್ಟು, 60 ಕೋರ್ ಬೇರೆ ಹಿಟ್ಟು, 10 ಕೊಬ್ಬಿದ ಎತ್ತು, 20 ಮೇಯಲು ಬಿಟ್ಟ ಎತ್ತು, 100 ಕುರಿ, ಅದರ ಮೇಲೆ ಜಿಂಕೆ, ಕೋಳಿ. ಒಂದು ಕೋರ್ ಅಂದ್ರೆ ಹೆಚ್ಚುಕಮ್ಮಿ ಒಂದು ಕತ್ತೆ ಹೊರುವ ಹೊರೆ, ಅಂದ್ರೆ ದಿನಕ್ಕೆ ಬರೀ ಹಿಟ್ಟೇ ತೊಂಬತ್ತು ಕತ್ತೆ ಹೊರೆ. ಇದಕ್ಕೆ ದೇಶವನ್ನು ಹನ್ನೆರಡು ಭಾಗ ಮಾಡಿ ಹನ್ನೆರಡು ಅಧಿಕಾರಿಗಳನ್ನು ಕೂರಿಸಿದ, ಒಂದೊಂದು ಭಾಗದವರು ವರ್ಷದಲ್ಲಿ ಒಂದು ತಿಂಗಳು ಅರಮನೆ ನಡೆಸಬೇಕು. ಆ ಹನ್ನೆರಡರ ಪಟ್ಟಿ ಓದಿದ್ರೆ ಹೆಚ್ಚಿನವು ಬಡಗಣ ಕುಲದವರ ಜಾಗ, ಅರಸನ ಸ್ವಂತ ಕುಲ ಯೆಹೂದ ಅದರಲ್ಲಿ ಸ್ಪಷ್ಟವಾಗಿ ಕಾಣುವುದೇ ಇಲ್ಲ.

ಇದನ್ನು ಓದುವಾಗೆಲ್ಲ ನನಗೆ ನನ್ನ ಅಜ್ಜ ನೆನಪಾಗ್ತಾರೆ. ನಮ್ಮದು ಗೇಣಿ ಒಕ್ಕಲು, 1970ಕ್ಕೆ ಕೇರಳದಲ್ಲಿ ಭೂಮಿ ಕಾನೂನು ಬಂದ ಮೇಲೆಯೇ ನಾವು ಕೂತ ಜಾಗ ನಮ್ಮದಾದದ್ದು. ಅದಕ್ಕೆ ಮುಂಚೆ ಕೊಯ್ಲು ಆದ ಕೂಡ್ಲೆ ಅಜ್ಜ ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿ ಮುಡಿ ಹೊತ್ತುಕೊಂಡು ತೋಡು ದಾಟಿ ಗುಡ್ಡ ಹತ್ತಿ ಧಣಿಗಳ ಮನೆಗೆ ಹೋಗಬೇಕಿತ್ತು, ಅಲ್ಲಿ ಅಂಗಳದಲ್ಲಿ ಬಿಚ್ಚಿ ಅಳೀತಿದ್ರು, ಅಳೆಯುವ ಸೇರು ಅವರದ್ದೇ, ಕಮ್ಮಿ ಬಂತು ಅಂದ್ರೆ ಕಮ್ಮಿಯೇ. ಅವರ ಮನೆಯಲ್ಲಿ ಮದುವೆ, ಬೊಜ್ಜ (ಉತ್ತರಕ್ರಿಯೆ) ಎಂತ ಇದ್ರೂ ಚಪ್ಪರ ಹಾಕ್ಲಿಕ್ಕೆ, ಕಟ್ಟಿಗೆ ಒಡೀಲಿಕ್ಕೆ ಬಿಟ್ಟಿ ಚಾಕರಿ. ಅಜ್ಜನ ಬಲ ಭುಜದ ಮೇಲೆ ಚರ್ಮ ದಪ್ಪ ಆಗಿ ಗಂಟು ಕಟ್ಟಿತ್ತು, ಸಣ್ಣ ಇರುವಾಗ ನಾನು ಅದನ್ನು ಬೆರಳಲ್ಲಿ ಒತ್ತಿ ನೋಡ್ತಿದ್ದೆ, ನೋವಾಗ್ತದಾ ಅಜ್ಜ ಅಂತ ಕೇಳಿದ್ರೆ ಇಲ್ಲ ಮಗಾ ಅಲ್ಲಿ ಜೀವ ಇಲ್ಲ ಅಂತಿದ್ರು. ದೇಶ ಬೇರೆ, ಕಾಲ ಬೇರೆ, ಎರಡನ್ನೂ ಒಂದೇ ಅಂತ ನಾನು ಹೇಳುವುದಿಲ್ಲ. ಆದ್ರೆ ಹೊರೆ ಅನ್ನುವ ಶಬ್ದ ಓದಿದಾಗ ನನಗೆ ಕಾಣುವುದು ಆ ಭುಜ.

ಬಿಟ್ಟಿ ಚಾಕರಿ ಅಂದೆನಲ್ಲ, ಸೊಲೊಮೋನನದ್ದೂ ಅದೇ. ದೇವಾಲಯಕ್ಕೆ ಮರ ಕಡೀಲಿಕ್ಕೆ ಇಸ್ರೇಲಿನವರಲ್ಲೇ 30,000 ಜನರನ್ನು ಹಿಡಿದು ತಿಂಗಳಿಗೆ 10,000ದ ಹಾಗೆ ಲೆಬನೋನಿಗೆ ಕಳಿಸಿದ, ಒಂದು ತಿಂಗಳು ಕಾಡಿನಲ್ಲಿ, ಎರಡು ತಿಂಗಳು ಮನೆಯಲ್ಲಿ. ಹೊರೆ ಹೊರುವವರು 70,000, ಗುಡ್ಡದಲ್ಲಿ ಕಲ್ಲು ಕಡಿಯುವವರು 80,000, ಅವರ ಮೇಲೆ ನಿಂತು ಕೆಲಸ ಮಾಡಿಸುವವರು 3,300. ಅದೇ ಪುಸ್ತಕದಲ್ಲಿ ನಾಲ್ಕು ಅಧ್ಯಾಯ ಮುಂದೆ ಹೋದ್ರೆ ಇಸ್ರೇಲಿನವರನ್ನು ಅವನು ದಾಸರನ್ನಾಗಿ ಮಾಡಲಿಲ್ಲ ಅಂತಲೂ ಉಂಟು, ಎರಡೂ ಮಾತು ಒಟ್ಟಿಗೆ ಇಟ್ಟಿದ್ದಾರೆ, ಜನ ಯಾವುದನ್ನು ನೆನಪು ಇಟ್ಟುಕೊಂಡ್ರು ಅಂತ ಮುಂದೆ ಗೊತ್ತಾಗ್ತದೆ. ದೇವಾಲಯ ಕಟ್ಟಿದ್ದು ಏಳು ವರ್ಷ, ತನ್ನ ಅರಮನೆ ಕಟ್ಟಿಸಿದ್ದು ಹದಿಮೂರು ವರ್ಷ. ದೇವದಾರು ಮರ ಕೊಟ್ಟ ತೂರಿನ ಅರಸ ಹೀರಾಮನಿಗೆ ಗಲಿಲಾಯದ ಇಪ್ಪತ್ತು ಊರನ್ನೇ ಕೊಟ್ಟ, ಹೀರಾಮ ಬಂದು ನೋಡಿ ಇದೆಂಥ ಊರು ಅಂತ ಬೇಜಾರು ಮಾಡಿಕೊಂಡ. ಆ ಇಪ್ಪತ್ತು ಊರಿನ ಜನರನ್ನು ಯಾರಾದ್ರೂ ಒಂದು ಮಾತು ಕೇಳಿದ್ರಾ? 1956ರಲ್ಲಿ ರಾಜ್ಯ ಗೆರೆ ಎಳೆದಾಗ ಆಚೆ ಈಚೆ ಆದ ಊರಿನವರಿಗೆ ಈ ಒಂದು ಸಾಲು ಓದುವಾಗ ಹೇಗಾಗ್ತದೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಅವನು ಸತ್ತ ಮೇಲೆ ಮಗ ರೆಹಬ್ಬಾಮ ಪಟ್ಟಕ್ಕೆ ಶೆಕೆಮಿಗೆ ಹೋದ. ಜನ ಯುದ್ಧಕ್ಕೆ ಬರಲಿಲ್ಲ, ಮಾತಾಡ್ಲಿಕ್ಕೆ ಬಂದ್ರು. ನಿನ್ನ ಅಪ್ಪ ನಮ್ಮ ಮೇಲೆ ಭಾರದ ನೊಗ ಹಾಕಿದ್ದ, ಅದನ್ನು ಸ್ವಲ್ಪ ಹಗುರ ಮಾಡು, ನಿನ್ನ ಸೇವೆ ಮಾಡ್ತೇವೆ, ಇಷ್ಟೇ ಕೇಳಿದ್ದು. ಅವನು ಮೂರು ದಿನ ಟೈಮ್ ತಕ್ಕೊಂಡ. ಅಪ್ಪನ ಕಾಲದ ಹಿರಿಯರನ್ನು ಕೇಳಿದ, ಇವತ್ತು ಒಂದು ಒಳ್ಳೆ ಮಾತು ಆಡು, ಕೊನೆವರೆಗೂ ನಿನ್ನವರಾಗಿ ಇರ್ತಾರೆ ಅಂದ್ರು. ತನ್ನ ಜೊತೆ ಬೆಳೆದ ಹುಡುಗರನ್ನು ಕೇಳಿದ, ನನ್ನ ಕಿರುಬೆರಳು ಅಪ್ಪನ ಸೊಂಟಕ್ಕಿಂತ ದಪ್ಪ ಅಂತ ಹೇಳು, ಅಪ್ಪ ಬಾರುಕೋಲಿನಿಂದ ಹೊಡೆದ ನಾನು ಚೇಳಿನಿಂದ ಹೊಡೆಸ್ತೇನೆ ಅಂತ ಹೇಳು ಅಂದ್ರು. ಅವನು ಜನರ ಎದುರು ಹೋಗಿ ಚೇಳಿನ ಮಾತನ್ನು ಹೇಳಿಯೇ ಬಿಟ್ಟ. ಜನ, ದಾವೀದನಲ್ಲಿ ನಮಗೆ ಎಂತ ಪಾಲು, ಇಸ್ರೇಲೇ ನಿನ್ನ ನಿನ್ನ ಡೇರೆಗೆ ಹೋಗು ಅಂತ ಕೂಗಿ ಎದ್ದು ಹೋದ್ರು. ಅವರನ್ನು ಸಮಾಧಾನ ಮಾಡ್ಲಿಕ್ಕೆ ರೆಹಬ್ಬಾಮ ಕಳಿಸಿದ್ದು ಯಾರನ್ನು ಅಂದ್ರೆ ಬಿಟ್ಟಿ ಕೆಲಸದ ಮುಖ್ಯಸ್ಥ ಅದೋರಾಮನನ್ನು! ಜನ ಅವನನ್ನು ಕಲ್ಲು ಹೊಡೆದು ಕೊಂದ್ರು, ಅರಸ ರಥ ಹತ್ತಿ ಜೆರುಸಲೇಮಿಗೆ ಓಡಿದ. ಬಡಗಣ ಹತ್ತು ಕುಲ ಬೇರೆ ಹೋಗಿ ಯಾರೊಬ್ಬಾಮನನ್ನು ಅರಸನಾಗಿ ಮಾಡಿದ್ರು, ಈ ಯಾರೊಬ್ಬಾಮ ಸಹ ಮೊದಲು ಸೊಲೊಮೋನನ ಕೈಕೆಳಗೆ ಯೋಸೇಫನ ಮನೆತನದವರ ಬಿಟ್ಟಿ ಕೆಲಸ ನೋಡಿಕೊಳ್ತಿದ್ದವನು, ಅಂದ್ರೆ ಹೊರೆ ಎಷ್ಟು ಭಾರ ಅಂತ ಕಣ್ಣಾರೆ ಕಂಡವನು.

ಇದು ಒಂದು ದಿನದ ಸಿಟ್ಟೂ ಅಲ್ಲ. "ದಾವೀದನಲ್ಲಿ ನಮಗೆ ಪಾಲಿಲ್ಲ" ಅನ್ನುವ ಅದೇ ಕೂಗು ದಾವೀದ ಬದುಕಿದ್ದಾಗಲೇ ಬಿಕ್ರಿಯ ಮಗ ಶೆಬ ಹಾಕಿದ್ದ. ಅದಕ್ಕೂ ಮುಂಚೆ ದಾವೀದ ಏಳೂವರೆ ವರ್ಷ ಹೆಬ್ರೋನಿನಲ್ಲಿ ಯೆಹೂದಕ್ಕೆ ಮಾತ್ರ ಅರಸ ಆಗಿದ್ದ, ಆ ಕಡೆ ಮಹನಯಿಮಿನಲ್ಲಿ ಸೌಲನ ಮಗ ಈಷ್ಬೋಶೆತನನ್ನು ಅಬ್ನೇರ ಪಟ್ಟಕ್ಕೆ ಕೂರಿಸಿದ್ದ. ಎರಡು ತುಂಡನ್ನು ಒಂದು ಹಗ್ಗದಲ್ಲಿ ಕಟ್ಟಿದ್ದು ದಾವೀದ, ಆ ಹಗ್ಗವನ್ನು ಸೊಲೊಮೋನ ಎಳೆದೂ ಎಳೆದೂ ಸವೆಸಿದ, ಮಗನ ಒಂದು ಮಾತಿಗೆ ಕಡಿದುಹೋಯ್ತು. ನಾನು ಪುಳ್ಳಿಗೆ ಹೇಳಿದ್ದು ಇಷ್ಟೇ, ಸಮುವೇಲ ಹೇಳಿದ ಪಟ್ಟಿಯನ್ನು ಒಂದು ಬದಿಯಲ್ಲಿ ಬರಿ, ಸೊಲೊಮೋನ ಮಾಡಿದ್ದನ್ನು ಇನ್ನೊಂದು ಬದಿಯಲ್ಲಿ ಬರಿ, ಜೋಡಿಸು ಅಂತ. ಹತ್ತು ನಿಮಿಷದಲ್ಲಿ ಜೋಡಿಸಿ ತಂದ್ಲು.

ಇನ್ನು ನಲ್ವತ್ತರ ಲೆಕ್ಕ. ನಿಮ್ಮ ಟೇಬಲಿನಲ್ಲಿ ಸೌಲ ಕ್ರಿ.ಪೂ. 1050ರಿಂದ 1010, ದಾವೀದ 1010ರಿಂದ 970, ಸೊಲೊಮೋನ 970ರಿಂದ 930 ಅಂತ ಗೆರೆ ಹೊಡೆದ ಹಾಗೆ ಹಾಕಿದ್ದೀರಿ, ಎಲ್ಲಿಯೂ ಸುಮಾರು ಅಂತ ಇಲ್ಲ. ಸೌಲ ಎಷ್ಟು ವರ್ಷ ಆಳಿದ ಅನ್ನುವ ಸಾಲೇ ಹೀಬ್ರೂ ಪಠ್ಯದಲ್ಲಿ ಕೆಟ್ಟುಹೋಗಿದೆ, ಅಂಕೆ ಬಿದ್ದುಹೋಗಿದೆ, ನಲ್ವತ್ತು ಅಂತ ಬರುವುದು ಎಷ್ಟೋ ಕಾಲದ ಮೇಲೆ, ಬೈಬಲಿನ ಕೊನೆಯ ಭಾಗವಾದ ಹೊಸ ಒಡಂಬಡಿಕೆಯಲ್ಲಿ. ದಾವೀದನದ್ದು ಹೆಬ್ರೋನಿನ ಏಳೂವರೆ, ಜೆರುಸಲೇಮಿನ ಮೂವತ್ತಮೂರು ಕೂಡಿಸಿದ್ರೆ ನಲ್ವತ್ತೂವರೆ, ಅದು ಸ್ವಲ್ಪ ಲೆಕ್ಕ ಇಟ್ಟ ಹಾಗೆ ಕಾಣ್ತದೆ. ಸೊಲೊಮೋನನದ್ದು ಬರೀ ನಲ್ವತ್ತು. ಆ ಗ್ರಂಥದಲ್ಲಿ ದೇಶ ನಲ್ವತ್ತು ವರ್ಷ ನೆಮ್ಮದಿಯಿಂದ ಇತ್ತು, ಏಲಿ ನಲ್ವತ್ತು ವರ್ಷ ನ್ಯಾಯ ಹೇಳಿದ, ಹೀಗೆ ನಲ್ವತ್ತು ಬಂದು ಬಂದು ಹೋಗ್ತದೆ, ಒಂದು ತಲೆಮಾರು ಅನ್ನುವ ಅರ್ಥದಲ್ಲಿ. ನಾವು "ನೂರೆಂಟು ಸಲ ಹೇಳಿದ್ದೇನೆ" ಅಂದ್ರೆ ಯಾರೂ ಕೂತು ಎಣಿಸುವುದಿಲ್ಲ ಅಲ್ವಾ, ಹಾಗೆ. ಸೊಲೊಮೋನನ ಕುದುರೆ ಲಾಯ ಅರಸುಗಳ ಪುಸ್ತಕದಲ್ಲಿ 40,000, ಬೈಬಲಿನದ್ದೇ ಇನ್ನೊಂದು ಪುಸ್ತಕವಾದ ಪೂರ್ವಕಾಲವೃತ್ತಾಂತದಲ್ಲಿ 4,000, ಅಲ್ಲೂ ನಾಲ್ಕೇ.

ಹಾಗಾದ್ರೆ ಇಸವಿ ಎಲ್ಲಿಂದ ಬಂತು ಅಂತ ಮಕ್ಕಳು ಕೇಳ್ತಾರೆ, ಅದನ್ನು ಹೇಳಿಕೊಟ್ರೆ ಚರಿತ್ರೆ ಹೇಗೆ ಕಟ್ತಾರೆ ಅಂತಲೂ ಗೊತ್ತಾಗ್ತದೆ. ಅಶ್ಶೂರದವರು, ಅಂದ್ರೆ ಅಸ್ಸೀರಿಯದವರು, ಒಂದೊಂದು ವರ್ಷಕ್ಕೆ ಒಬ್ಬೊಬ್ಬ ಅಧಿಕಾರಿಯ ಹೆಸರಿಟ್ಟು ಪಟ್ಟಿ ಮಾಡಿದ್ರು, ಅದರಲ್ಲಿ ಒಂದು ಸೂರ್ಯಗ್ರಹಣ ದಾಖಲಾಗಿದೆ, ಗ್ರಹಣದ ಲೆಕ್ಕ ಹಾಕಿದ್ರೆ ಅದು ಕ್ರಿ.ಪೂ. 763ರ ಜೂನ್ 15. ಅಲ್ಲಿಂದ ಹಿಂದಕ್ಕೆ ಎಣಿಸಿದ್ರೆ ಕ್ರಿ.ಪೂ. 853ರಲ್ಲಿ ಕರ್ಕರ್ ಯುದ್ಧ, ಅದರಲ್ಲಿ ಇಸ್ರೇಲಿನ ಅರಸ ಅಹಾಬ ಇದ್ದ ಅಂತ ಅಶ್ಶೂರದ ಕಲ್ಲೇ ಹೇಳ್ತದೆ. ಕ್ರಿ.ಪೂ. 841ರಲ್ಲಿ ಇಸ್ರೇಲಿನ ಇನ್ನೊಬ್ಬ ಅರಸ ಯೇಹು ಅಶ್ಶೂರಕ್ಕೆ ಕಪ್ಪ ಕೊಟ್ಟ, ಅದರ ಚಿತ್ರ ಇರುವ ಕಪ್ಪು ಕಂಬ ಬ್ರಿಟಿಷ್ ಮ್ಯೂಸಿಯಮಿನಲ್ಲಿ ಈಗಲೂ ಉಂಟು. ಇಬ್ಬರ ನಡುವೆ ಹೆಚ್ಚೆಂದ್ರೆ ಹನ್ನೆರಡು ವರ್ಷ. ಆದ್ರೆ ಬೈಬಲಿನಲ್ಲಿ ಅಹಾಬನ ಮತ್ತು ಯೇಹುವಿನ ನಡುವೆ ಅಹಜ್ಯ 2 ವರ್ಷ, ಯೋರಾಮ 12 ವರ್ಷ, ಒಟ್ಟು ಹದಿನಾಲ್ಕು. ತಪ್ಪಾ? ಅಲ್ಲ. ನಮ್ಮಲ್ಲಿ ಪ್ರಾಯ ಕೇಳಿದ್ರೆ ಕೆಲವರು ಎಪ್ಪತ್ತು ತುಂಬಿತು ಅಂತಾರೆ, ಕೆಲವರು ಎಪ್ಪತ್ತು ನಡೀತಾ ಉಂಟು ಅಂತಾರೆ, ಎರಡಕ್ಕೂ ಒಂದು ವರ್ಷ ಫರಕು. ಆ ಅರಸರು ನಡೆಯುವ ಲೆಕ್ಕದವರು, ಒಬ್ಬ ಸತ್ತ ವರ್ಷವೇ ಮುಂದಿನವನ ಒಂದನೇ ವರ್ಷ, ಹಾಗಾಗಿ ಒಂದೇ ವರ್ಷ ಎರಡು ಸಲ ಎಣಿಕೆಗೆ ಬರ್ತದೆ. ತಲೆಗೆ ಒಂದೊಂದು ಕಳೆದ್ರೆ ಹನ್ನೊಂದು ಮತ್ತು ಒಂದು, ಹನ್ನೆರಡಕ್ಕೆ ಸರಿಯಾಯ್ತು. ಅದರ ಮೇಲೆ ಒಂದು ರಾಜ್ಯದವರಿಗೆ ವಸಂತದಲ್ಲಿ ಹೊಸ ವರ್ಷ, ಇನ್ನೊಂದು ರಾಜ್ಯದವರಿಗೆ ಶರತ್ಕಾಲದಲ್ಲಿ ಅಂತ ಅಮೆರಿಕದ ಎಡ್ವಿನ್ ಥೀಲೆ ಲೆಕ್ಕ ಹಾಕಿ ತೋರಿಸಿದ್ರು. ಇದು ಕಾಸರಗೋಡಿನ ಮಕ್ಕಳಿಗೆ ಕಷ್ಟವೇ ಅಲ್ಲ, ನಮ್ಮ ಒಂದೇ ಗೋಡೆಯಲ್ಲಿ ಯುಗಾದಿಯ ಪಂಚಾಂಗ, ಬಿಸುವಿನ ತುಳು ತಿಂಗಳು, ಚಿಂಗಂ ಒಂದಕ್ಕೆ ಬದಲಾಗುವ ಕೊಲ್ಲಂ ವರ್ಷ, ಜನವರಿಯ ಕ್ಯಾಲೆಂಡರ್ ಎಲ್ಲ ಒಟ್ಟಿಗೆ ನೇತಾಡ್ತದೆ. ಹೀಗೆ ಹಿಂದಕ್ಕೆ ಹೋಗಿ ರಾಜ್ಯ ಒಡೆದದ್ದು ಸುಮಾರು ಕ್ರಿ.ಪೂ. 930 ಅಂತ ಬಂತು. ಅದರ ಹಿಂದಿನದ್ದಕ್ಕೆ ಹಿಡ್ಕೊಳ್ಳಲು ಇರುವುದು ಆ ನಲ್ವತ್ತು ಮಾತ್ರ.

"ಸೊಲೊಮೋನನ ಕುದುರೆ ಲಾಯಗಳನ್ನು ಮೆಗಿದ್ದೋದಲ್ಲಿ ನೋಡಬಹುದು" ಅಂತ ಫೋಟೋ ಕೆಳಗೆ ಬರೆದಿದ್ದೀರಿ. ಮೊದಲು ಅಗೆದವರು ಹಾಗೆ ಹೇಳಿದ್ದು ಹೌದು, ಆಮೇಲೆ ಅದು ಅಹಾಬನ ಕಾಲದ್ದು ಅಂತ ಆಯ್ತು, ಹಾಚೋರ್ ಮೆಗಿದ್ದೋ ಗೆಜೆರಿನ ಊರಬಾಗಿಲುಗಳ ವಿಷಯದಲ್ಲೂ ಪುರಾತತ್ವಜ್ಞ ಯಿಗಾಯೆಲ್ ಯಾದಿನ್ ಸೊಲೊಮೋನನದ್ದು ಅಂದ್ರು, ಇನ್ನೊಬ್ಬ ಪುರಾತತ್ವಜ್ಞ ಇಸ್ರೇಲ್ ಫಿಂಕೆಲ್‌ಸ್ಟೈನ್ ಅಲ್ಲ, ಅದಕ್ಕಿಂತ ಈಚಿನದ್ದು ಅಂದ್ರು, ಜಗಳ ಮುಗಿದಿಲ್ಲ. ಸೌಲನ ಹೆಸರಾಗಲಿ ಸೊಲೊಮೋನನ ಹೆಸರಾಗಲಿ ಅವರ ಕಾಲದ ಯಾವ ಕಲ್ಲಿನಲ್ಲಿಯೂ ಸಿಕ್ಕಿಲ್ಲ. ದಾವೀದನದ್ದು ಸಿಕ್ಕಿದೆ, 1993ರಲ್ಲಿ ತೇಲ್ ದಾನ್ ಅನ್ನುವಲ್ಲಿ, ಅವನು ಸತ್ತು ನೂರಕ್ಕೂ ಹೆಚ್ಚು ವರ್ಷ ಕಳೆದ ಮೇಲೆ ವೈರಿ ಅರಸನೊಬ್ಬ ಕೆತ್ತಿಸಿದ ಅರಮಾಯಿಕ್ ಶಾಸನದಲ್ಲಿ "ದಾವೀದನ ಮನೆತನ" ಅಂತ ಉಂಟು. ಇಷ್ಟನ್ನು ಫೋಟೋದ ಕೆಳಗೆ ಹಾಕಿದ್ರೆ ಸಾಕಿತ್ತು.

ಹೆಸರಿನ ವಿಷಯ ಹೇಳದೆ ಇರ್ಲಿಕ್ಕೆ ಆಗುವುದಿಲ್ಲ. ಡೇವಿಡ್, ಸಾಲೊಮನ್, ರೆಹೊಬೋಮ್, ಜೆರೊಬೋಮ್. ಇಂಗ್ಲಿಷಿನಿಂದ ಎತ್ತಿ ಹಾಗೇ ಇಳಿಸಿದ್ದು. 1831ರಲ್ಲೇ ಬಳ್ಳಾರಿಯಲ್ಲಿ ಪೂರ್ತಿ ಬೈಬಲ್ ಕನ್ನಡದಲ್ಲಿ ಅಚ್ಚಾಗಿದೆ, ಅಂದಿನಿಂದ ಕನ್ನಡದ ಬಾಯಲ್ಲಿ ಪಳಗಿದ ಹೆಸರುಗಳು ದಾವೀದ, ಸೊಲೊಮೋನ, ರೆಹಬ್ಬಾಮ, ಯಾರೊಬ್ಬಾಮ, ವಿಭಕ್ತಿ ಹಚ್ಚಿದ್ರೆ ದಾವೀದನಿಗೆ ದಾವೀದನಿಂದ ಅಂತ ಸಲೀಸಾಗಿ ಹೋಗ್ತದೆ. ಇಲ್ಲಿ ಬಸ್ಸಿನ ಬೋರ್ಡಿನಲ್ಲಿ ಮಂಜೇಶ್ವರ ಮಂಜೇಶ್ವರಂ ಆಗಿ, ಕುಂಬಳೆ ಕುಂಬಳ ಆಗಿ ಬರುವುದನ್ನು ದಿನಾ ನೋಡುವವರು ನಾವು, ಕನ್ನಡದಲ್ಲಿ ಇರುವ ಒಂದು ಹೆಸರು ಕನ್ನಡ ಪೇಪರಿನಲ್ಲೇ ಮಾಯ ಆದ್ರೆ ಹೊಟ್ಟೆ ಉರೀತದೆ.

ಶಬ್ದದ ಮಾತು ಬಂದದ್ದಕ್ಕೆ ಇನ್ನೊಂದು. ಸೊಲೊಮೋನನ ಹಡಗು ಮೂರು ವರ್ಷಕ್ಕೊಮ್ಮೆ ಬಂಗಾರ, ಬೆಳ್ಳಿ, ದಂತ, ಮಂಗ, ನವಿಲು ತರ್ತಿತ್ತು ಅಂತ ಉಂಟು. ಆ ನವಿಲಿಗೆ ಹೀಬ್ರೂವಿನಲ್ಲಿ ಇರುವ ಶಬ್ದ ತುಕ್ಕಿ, ಅದು ತಮಿಳಿನ ತೋಕೈ ಅನ್ನುವುದರಿಂದ ಹೋದದ್ದು ಅಂತ ಹಲವು ವಿದ್ವಾಂಸರು ಹೇಳಿದ್ದಾರೆ, ಅದು ನವಿಲೇ ಅಲ್ಲ ಒಂದು ಜಾತಿಯ ಮಂಗ ಅನ್ನುವವರೂ ಇದ್ದಾರೆ. ತೋಕೈಗೆ ಕನ್ನಡದಲ್ಲಿ ಸರಿಜೋಡಿ ನಮ್ಮ ಸೋಗೆ, ನವಿಲಿನ ಸೋಗೆ, ಅಡಿಕೆ ಮರದ ಸೋಗೆ. ಹಡಗು ನಮ್ಮ ಕರಾವಳಿಗೇ ಬಂದಿತ್ತು ಅಂತ ನಿಮ್ಮ ಬರಹದಲ್ಲಿ ಇರುವ ಹಾಗೆ ಖಡಾಖಂಡಿತ ಹೇಳ್ಲಿಕ್ಕೆ ಆಗುವುದಿಲ್ಲ, ಅವನಿಗೆ ಬಂಗಾರ ಬರ್ತಿದ್ದ ಓಫೀರ್ ಅನ್ನುವ ಜಾಗ ಎಲ್ಲಿ ಅಂತ ಇನ್ನೂ ತೀರ್ಮಾನ ಆಗಿಲ್ಲ. ಆದ್ರೆ ಈ ಸೋಗೆಯ ಮಾತನ್ನು ಹಾಕಿ, ಮಕ್ಕಳು ಹಿತ್ತಿಲಿಗೆ ಹೋದಾಗ ಬಿದ್ದ ಸೋಗೆ ನೋಡಿ ನೆನಪು ಮಾಡಿಕೊಳ್ತಾರೆ.

ಮುಂದಿನ ಯಾವುದಾದ್ರೂ ಆದಿತ್ಯವಾರ ಅದೇ ಪುಟದಲ್ಲಿ ಸಮುವೇಲ ಹೇಳಿದ್ದು, ಶೆಕೆಮಿನ ಮೂರು ದಿನ, ಇಷ್ಟನ್ನು ಹಾಕಿ ಅಂತ ನನ್ನ ವಿನಂತಿ. ಟೇಬಲಿನಲ್ಲಿ ಸುಮಾರು ಅಂತ ಸೇರಿಸಿ. ಹೆಸರುಗಳ ಕನ್ನಡ ರೂಪದ ಪಟ್ಟಿ ಬೇಕಿದ್ರೆ ನಾನೇ ಬರೆದು ಕಳಿಸ್ತೇನೆ, ಕೈಬರಹ ಚೆನ್ನಾಗಿಯೇ ಉಂಟು. ಪುಳ್ಳಿಯ ಚಾರ್ಟಿನಲ್ಲಿ ನಿಮ್ಮ ಕಟಿಂಗಿನ ಬಲಬದಿಗೆ ಜಾಗ ಬಿಟ್ಟಿದ್ದೇವೆ, ಅವಳು ಜೋಡಿಸಿ ಬರೆದದ್ದನ್ನು ಅಲ್ಲಿ ಅಂಟಿಸ್ಲಿಕ್ಕೆ, ಅದರ ಕೆಳಗೆ ಇನ್ನೂ ಒಂದು ಗೇಣು ಖಾಲಿ ಉಂಟು.

ಇಂತಿ,
ನಿವೃತ್ತ ಸೋಶಿಯಲ್ ಟೀಚರ್,
ಬದಿಯಡ್ಕ ಹತ್ತಿರ, ಕಾಸರಗೋಡು